ಬೆಡ್‌ಶೀಟ್ ಬೇಗ ಒಣಗುವ ಊರು

ಕಡಕ್ ಮಾವನದು ಲಾಂಡ್ರಿ. ಊರವರ ಬಟ್ಟೆ ಒಗೆಯುವುದೇ ಅವರ ಒಗೆತನ. ಇಪ್ಪತ್ತೆರಡು ವರ್ಷ ಮಾವ ಒಗೆದರು, ಅತ್ತೆ ಇಸ್ತ್ರಿ ಹಾಕಿದರು. ಈಗ ಅತ್ತೆಗೆ ಕೆಮ್ಮು. ಕಾಲರಿನಲ್ಲಿ ಶುರುವಾದರೆ ತೋಳು ಮುಗಿದರೂ ನಿಲ್ಲುವುದಿಲ್ಲ.

"ಈ ಊರಿನ ತೇವ ನಿಮಗಾಗಲ್ಲಮ್ಮ. ಇನ್ನೊಂದು ವರ್ಷ ಹೀಗೇ ಹೋದ್ರೆ ಉಸಿರಾಡೋಕೇ ಕಷ್ಟ. ಒಣ ಹವೆ ಇರೋ ಕಡೆ ಹೋಗಿ" ಅಂದರು ಡಾಕ್ಟರು. ಮಾತ್ರೆಯ ಹೆಸರು ಬರೆದುಕೊಟ್ಟರು, ಊರಿನ ಹೆಸರು ಬರೆಯಲಿಲ್ಲ.

ಮಗಳು ಫೋನಿನಲ್ಲಿ ಹವಾಮಾನದ ಪಟ್ಟಿ ತೆಗೆದಳು. ಒಂದು ಊರಿನಲ್ಲಿ ತೇವಾಂಶ ಕಡಿಮೆ, ಧೂಳು ಜಾಸ್ತಿ. ಇನ್ನೊಂದರಲ್ಲಿ ಗಾಳಿ ಚೆನ್ನ, ಆಸ್ಪತ್ರೆ ದೂರ. ಮೂರನೆಯದಕ್ಕೆ ಬೆಳಿಗ್ಗೆ ಒಂದು ಅಂಕಿ, ಸಂಜೆ ಇನ್ನೊಂದು. ಮಾವನ ತಲೆಯೊಳಗೆ ಎಲ್ಲ ಕಲಸುಮೇಲೋಗರ.

"ಈ ಶೇಕಡಾ ಗೀಕಡಾ ನಂಗೆ ಬೇಡ. ಬೆಡ್‌ಶೀಟ್ ಒಣಗೋಕೆ ಎಷ್ಟೊತ್ತು ಅಂತ ಕೇಳಿದ್ರೆ ಹವೆ ತಾನಾಗೇ ಗೊತ್ತಾಗುತ್ತೆ."

ಮೂರೂ ಊರಿನ ಲಾಂಡ್ರಿಗಳಿಗೆ ಫೋನ್ ಹೋಯಿತು. ಮೊದಲನೆಯವನು ಐದು ಗಂಟೆ ಅಂದ. ಎರಡನೆಯವನು, "ಬಿಸಿಲು ಬಂದಾಗ ಹೇಳ್ತೀನಿ" ಅಂದ. ಮೂರನೆಯವನು ಸಲೀಸಾಗಿ ನಲವತ್ತು ನಿಮಿಷ ಅಂದುಬಿಟ್ಟ.

"ನಲವತ್ತೇ ನಿಮಿಷ ಕಣೇ!"

"ಅಷ್ಟು ಬಿಸಿಲಾದ್ರೆ ಶೀಟಿನ ಜೊತೆ ನಾನೂ ಒಣಗೋಗ್ತೀನಿ ಕಣ್ರೀ."

"ನಿನ್ನ ಎದೆಗೆ ಅದೇ ಬೇಕಾಗಿರೋದು."

ಮಾವನ ಬಾಡಿಗೆ ಅಂಗಡಿಯ ಮಾಲೀಕರಿಗೆ ವಿಷಯ ಮುಟ್ಟಿತು. "ಬೇರೆಯವರು ಕಾಯ್ತಿದಾರೆ. ಖಾಲಿ ಮಾಡ್ತೀರೋ ಇಲ್ವೋ, ಶನಿವಾರ ಸಂಜೆ ಐದಕ್ಕೆ ಖಡಾಖಂಡಿತ ಹೇಳ್ಬೇಕು" ಅಂದರು. ನಲವತ್ತು ನಿಮಿಷದ ಊರು ನೋಡಲು ಗಂಡ ಹೆಂಡತಿ ಗುರುವಾರವೇ ಹೊರಟರು.

ಬಸ್ಸಿಳಿದರೆ ಬಸ್ಸೇ ಕಾಣಲಿಲ್ಲ, ಅಷ್ಟು ಮಂಜು. ಲಾಂಡ್ರಿಯನ್ನು ಸೋಪಿನ ವಾಸನೆ ಹಿಡಿದು ಹುಡುಕಬೇಕಾಯಿತು. ಒಳಗೆ ದೊಡ್ಡ ಮಷೀನೊಂದು ಹೊಟ್ಟೆಯಲ್ಲಿ ಬೆಡ್‌ಶೀಟುಗಳನ್ನು ತಿರುಗಿಸುತ್ತಿತ್ತು.

"ಒಣಗೋಕೆ ನಲವತ್ತು ನಿಮಿಷ ಅಂದ್ರಲ್ಲ?"

"ಹೌದು ಸ್ವಾಮಿ, ಇದ್ರಲ್ಲೇ."

"ಹೊರಗೆ ಹಾಕಿದ್ರೆ?"

"ಹೊರಗೆ ಹಾಕಿದ್ರೆ ಇನ್ನೂ ಒದ್ದೆಯಾಗುತ್ತೆ."

ಮಾವ ಜನ್ಮದಲ್ಲಿ ಮಷೀನಿಗೆ ಬಟ್ಟೆ ಕೊಟ್ಟವರಲ್ಲ, ಬಿಸಿಲಲ್ಲೋ ಮಷೀನಲ್ಲೋ ಅಂತ ಕೇಳಬೇಕೆಂದು ಹೊಳೆದೇ ಇರಲಿಲ್ಲ. ಮಾವನ ಮುಖದ ಇಸ್ತ್ರಿ ಕೆಟ್ಟುಹೋಯಿತು.

ಆದರೆ ಗುರುವಾರ ಅತ್ತೆ ಕೆಮ್ಮಲಿಲ್ಲ, ಅದಕ್ಕೇ ಇಬ್ಬರೂ ಅಲ್ಲೇ ಉಳಿದರು. ಶುಕ್ರವಾರವೂ ಇಲ್ಲ. ಶನಿವಾರ ಮಧ್ಯಾಹ್ನ ಮಾವ ಮೆಲ್ಲಗೆ ಅಂದರು, "ಡಾಕ್ಟರು ಒಣ ಹವೆ ಅಂದ್ರು, ಇಲ್ಲಿ ಹವೆ ಹಿಂಡಿದ್ರೆ ನೀರು ಬರುತ್ತೆ. ಆದ್ರೂ ನೀನು ಕೆಮ್ಮಿಲ್ಲ."

"ಮೂರು ದಿನದಿಂದ ಇಸ್ತ್ರಿಪೆಟ್ಟಿಗೆನೂ ಹಿಡಿದಿಲ್ಲ."

"ಹಂಗಾದ್ರೆ ಊರು ಒಳ್ಳೇದೋ, ರಜಾ ಒಳ್ಳೇದೋ?"

"ಹಿಡಿದು ನೋಡಿದ್ರೆ ಗೊತ್ತಾಗುತ್ತೆ, ನಡೀರಿ."

ಲಾಂಡ್ರಿಯವನು ಬೇಡ ಅನ್ನುತ್ತಾನೆಯೇ, ಒಂದು ರಾಶಿಯನ್ನೇ ತಂದು ಸುರಿದ. ಅತ್ತೆ ಒಂಬತ್ತು ಶರ್ಟು ಮುಗಿಸಿದರು. ಕೆಮ್ಮು ಪತ್ತೆಯಿಲ್ಲ. ಗಂಟೆ ನಾಲ್ಕೂ ಮುಕ್ಕಾಲು.

"ಊರೇ ಸರಿ" ಅಂದರು ಮಾವ, ಗೆದ್ದವರ ಹಾಗೆ.

ಲಾಂಡ್ರಿಯವನು ಕೆನ್ನೆ ಕೆರೆದುಕೊಂಡ. "ನಿಮ್ಮಲ್ಲಿ ಇಸ್ತ್ರಿ ಮಾಡುವಾಗ ಸೆಂಟಿನ ನೀರು ಹೊಡೀತೀರಾ?"

"ಶರ್ಟಿಗೆ ಎರಡೆರಡು ಸಲ" ಅಂದರು ಅತ್ತೆ.

"ನಾನು ಬಿಟ್ಟೇಬಿಟ್ಟೆ. ನನಗೂ ಎದೆ ಕಟ್ತಿತ್ತು."

ಮಾವ ಸ್ಟೂಲೆಳೆದು ಕೂತರು. ಹಾಗಿದ್ದರೆ ಊರು ಬಿಡುವುದೇ ಬೇಡ, ಸೆಂಟಿನ ಬಾಟಲಿ ಬಿಟ್ಟರೆ ಸಾಕೇ? ಅಥವಾ ಎರಡನ್ನೂ ಬಿಡಬೇಕೇ?

"ಹಳೇ ಬಾಟ್ಲಿ ಇದ್ರೆ ಕೊಡಪ್ಪ" ಅಂದರು ಅತ್ತೆ. ಹತ್ತನೆಯ ಶರ್ಟಿಗೆ ಎರಡು ಸಲ ಹೊಡೆದು, ಪೆಟ್ಟಿಗೆ ಒತ್ತಿದರು. ಆವಿ ಮುಖಕ್ಕೆ ಬಂತು. ಗಂಡಸರಿಬ್ಬರೂ ಉಸಿರು ಬಿಗಿಹಿಡಿದರು.

ಅತ್ತೆ ಕೆಮ್ಮಿದರು. ಒಂದೇ ಒಂದು ಸಲ.

"ಇದು ಆ ಕೆಮ್ಮೇನಾ?"

"ಗೊತ್ತಾಗ್ತಿಲ್ಲ ಕಣ್ರೀ. ಗಂಟಲಲ್ಲೇನೋ ಸಿಕ್ಕಂಗಾಯ್ತು, ಅಷ್ಟೆ."

ಅಷ್ಟರಲ್ಲಿ ಮಾಲೀಕರ ಫೋನ್. "ಐದಾಯ್ತು. ಖಾಲಿ ಮಾಡ್ತೀರಾ, ಇಲ್ವಾ?"

ಮಾವ ಹೆಂಡತಿಯತ್ತ ನೋಡಿದರು. ಅವರು ಆಗಲೇ ಇನ್ನೊಂದು ಶರ್ಟು ಹಾಸಿ ಬಾಟಲಿ ಅಲ್ಲಾಡಿಸುತ್ತಿದ್ದರು.

"ಒಂದ್ನಿಮಿಷ ಇರಿ ಸ್ವಾಮಿ," ಅಂದರು ಮಾವ, "ನಮ್ಮನೆಯವಳು ಇನ್ನೂ ಹನ್ನೊಂದನೇ ಶರ್ಟಲ್ಲಿದಾಳೆ."