ಚಕ್ರನ ಚೀಲ

ನನ್ನ ತಮ್ಮನನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಚಕ್ರ ಅಂತ. ಆ ಹೆಸರು ಇಟ್ಟವರು ಅಪ್ಪ. ಇವನು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು, ಇವನನ್ನು ಕೂರಿಸಿದರೆ ಕುರ್ಚಿಗೇ ಸುಸ್ತಾಗುತ್ತದೆ ಅನ್ನುತ್ತಿದ್ದರು. ಸಿಕ್ಕ ಕೆಲಸವೂ ಅದಕ್ಕೆ ತಕ್ಕದ್ದೇ. ಊರೂರಿಗೆ ಹೋಗಿ ಅಲ್ಲಿನ ಲಿಫ್ಟುಗಳನ್ನು ಪರೀಕ್ಷೆ ಮಾಡುವುದು, ಮುಂದಿನ ಊರಿಗೆ ಹಾರುವುದು.

ಈ ಸಲ ಹೊಸ ಚೀಲ ಕೊಳ್ಳಲು ಹೋದವನು ಅಂಗಡಿಯಿಂದಲೇ ವಿಡಿಯೋ ಕಾಲ್ ಮಾಡಿದ. ಐದು ವಾರದ ತಿರುಗಾಟವಂತೆ. ಮೂರು ಊರಿನ ಲಿಫ್ಟು, ನಡುವೆ ಗೆಳೆಯನ ಮದುವೆ, ಆಮೇಲೆ ಬೆಟ್ಟ ಹತ್ತುವುದು, ಕೊನೆಗೆ ಅಪ್ಪನನ್ನು ನೋಡಲು ನಮ್ಮಲ್ಲಿಗೆ. ಸ್ಪ್ಯಾನರು, ಕೋಟು, ಬೂಟು ಎಲ್ಲ ಒಂದರಲ್ಲೇ ಹಿಡಿಯಬೇಕು, ಎಲ್ಲೂ ಹರಿಯಬಾರದು. ನಾನು ಸೋಫಾ ಕವರು ಹೊಲಿದು ಬದುಕುವವಳು. ದಪ್ಪ ಬಟ್ಟೆ, ಗಟ್ಟಿ ದಾರ ಅಂದರೆ ನಮ್ಮ ಮನೆಯಲ್ಲಿ ನನ್ನ ಮಾತೇ ಕೊನೆ.

"ಫೈಬರ್ದು ಬೇಡ ಕಣೋ. ಮೂಲೆ ಒಡೆದ್ರೆ ಹೊಲಿಯೋಕಾಗುತ್ತಾ? ಬಟ್ಟೇದೇ ತಗೋ. ಎಲ್ಲಿ, ಒಳಗಿನ ಹೊಲಿಗೆ ತೋರ್ಸು."

ಅವನು ಫೋನನ್ನೇ ಚೀಲದೊಳಗೆ ಇಳಿಸಿದ. "ಏನು ಕಾಣ್ತಿದೆ ಅಕ್ಕ?"

"ನಿನ್ನ ಭವಿಷ್ಯ. ಟಾರ್ಚ್ ಹಾಕೋ ಮಂಕೆ."

ಜಿಪ್ಪಿನ ಹಲ್ಲು ತೋರಿಸಲು ಹೇಳಿದೆ, ಎಳೆದು ಬಿಟ್ಟು ಮಾಡಿಸಿದೆ. ಹಿಡಿಕೆಯ ಬುಡದಲ್ಲಿ ಎರಡು ಸಾಲು ಹೊಲಿಗೆ ಇದೆಯೇ ಎಂದು ನೋಡಿದೆ. ನಾಲ್ಕು ಪುಟ್ಟ ಚಕ್ರದ್ದು ನುಣುಪು ನೆಲಕ್ಕೆ ಸರಿ, ಕಲ್ಲು ರಸ್ತೆಗೆ ಎರಡು ದೊಡ್ಡ ಚಕ್ರದ್ದೇ ಬೇಕು, ಅದೂ ಸ್ಕ್ರೂ ಬಿಚ್ಚಿ ಬದಲಾಯಿಸುವಂಥದ್ದು ಎಂದೆ. ಅಂಗಡಿಯವನು ಇಣುಕಿ, "ಮೇಡಂ, ಬ್ಯಾಗ್ ನೋಡ್ತಿದೀರೋ, ಗಂಡು ನೋಡ್ತಿದೀರೋ?" ಎಂದ.

"ಗಂಡು ನೋಡುವಾಗ ಇಷ್ಟು ನೋಡಿದ್ರೆ ಇವತ್ತು ಸುಖವಾಗಿರ್ತಿದ್ದೆ," ಎಂದೆ. ಎಲ್ಲರೂ ನಕ್ಕರು.

ನಗು ಮುಗಿಯುವ ಮೊದಲೇ ಕೋಣೆಯಲ್ಲಿ ಅಪ್ಪ ಕೆಮ್ಮಿದರು. ನಾನು ಫೋನ್ ಇಟ್ಟು ಓಡಿದೆ.

ಡಾಕ್ಟರು ಹೇಳಬೇಕಾದ್ದನ್ನು ಆಗಲೇ ಹೇಳಿದ್ದರು. ಇನ್ನು ಔಷಧಿ ಏನಿದ್ದರೂ ನೋವಿಗೆ ಮಾತ್ರ. ನಾನು ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಕೂಡದು, ಎತ್ತಿದರೆ ನಿಜವಾಗಿಬಿಡುತ್ತದೆ ಎಂಬ ಭಯ ನನಗೆ. ನೋಡಲು ಬಂದವರು ಮುಖ ಸಪ್ಪೆ ಮಾಡಿದರೆ ಬಾಗಿಲಿನಿಂದಲೇ ಸಾಗಹಾಕುತ್ತಿದ್ದೆ. ಅಪ್ಪನ ಮುಂದೆ ಮುಂದಿನ ವರ್ಷದ ಮಾತೇ ಆಡುತ್ತಿದ್ದೆ. ಅವರು ಹೂಂಗುಟ್ಟುತ್ತಿದ್ದರು.

ಚಕ್ರ ಹೇಳಿದ ದಿನಕ್ಕಿಂತ ಮೊದಲೇ ಬಂದ. ಬಂದವನು ಕೂತನೇ? ಚೀಲವನ್ನು ಬಾಗಿಲ ಬಳಿ ಬಿಟ್ಟು ಅಪ್ಪನ ಕಾಲು ಮುಟ್ಟಿ ನೋಡಿದ, ಎದ್ದು ಸೋರುವ ನಲ್ಲಿ ಬಿಗಿಮಾಡಿದ, ಕಿಟಕಿಯ ಕೊಂಡಿ ತಟ್ಟಿ ನೇರಮಾಡಿದ, ಮಂಚವನ್ನು ಗೋಡೆಯಿಂದ ಎಳೆದು ಮತ್ತೆ ಅಲ್ಲಿಗೇ ತಳ್ಳಿದ. ನೋಡುತ್ತಾ ನನಗೇ ತಲೆ ಸುತ್ತಿತು. ಕೊನೆಗೆ ಅಪ್ಪನ ಗಡ್ಡ ಹೆರೆಯಲು ಕೂತ. ಅಷ್ಟರಲ್ಲಿ ಇವನ ಕೊಳಕು ಬಟ್ಟೆ ಒಗೆಯಲು ಹಾಕೋಣವೆಂದು ನಾನು ಚೀಲ ತೆರೆದೆ.

ಮೇಲೆ ಬೂಟು. ಮಣ್ಣೇ ಮೆತ್ತಿರಲಿಲ್ಲ. ಅದರ ಕೆಳಗೆ ಮುದುಡಿದ ಅಂಗಿಗಳು, ಮದುವೆಯ ಕೋಟು. ತಳದಲ್ಲಿ, ಅಂಗಡಿಯ ಕವರಿನಲ್ಲೇ, ಇಸ್ತ್ರಿ ಮಾಡಿದ ಸಾದಾ ಬೂದು ಬಟ್ಟೆ. ಒಂದು ಗುಂಡಿಯೂ ಹೊಳೆಯುತ್ತಿರಲಿಲ್ಲ. ಅಂಥ ಬಟ್ಟೆ ಹಾಕಿಕೊಂಡು ಜನ ಎಲ್ಲಿಗೆ ಹೋಗುತ್ತಾರೆ ಎಂಬುದು ನನಗೆ ಗೊತ್ತಿತ್ತು.

ನನ್ನ ಮೈಯೆಲ್ಲ ಉರಿಯಿತು. ಅವನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದೆ.

"ಏನೋ ಇದು?"

ಅವನ ಕಣ್ಣು ನನ್ನ ಕೈಯಲ್ಲಿದ್ದ ಕವರಿನ ಮೇಲೆ ನಿಂತಿತು.

"ನಾನಿಲ್ಲಿ ಒಂದೊಂದು ಚಮಚ ನೀರು ಕುಡಿಸಿ ಅವರನ್ನ ಎಬ್ಬಿಸೋಕೆ ಒದ್ದಾಡ್ತಿದೀನಿ. ನೀನು ಅವರ ಸಾವಿಗೆ ಬಟ್ಟೆ ಹೊಂದಿಸ್ಕೊಂಡು ಬಂದಿದೀಯ! ಲಿಫ್ಟು ಆಯ್ತು, ಮದುವೆ ಆಯ್ತು, ಬೆಟ್ಟ ಆಯ್ತು, ಹಾಗೇ ಇದನ್ನೂ ಮುಗಿಸಿಬಿಟ್ರೆ ಇನ್ನೊಂದ್ಸಲ ಬರೋ ತಾಪತ್ರಯ ಇರಲ್ಲ, ಅಲ್ವಾ?"

"ಬೆಟ್ಟಕ್ಕೆ ಹೋಗಲಿಲ್ಲ ಅಕ್ಕ. ಅರ್ಧ ದಾರೀಲೇ ಇಳಿದು ಈ ಕಡೆ ಬಸ್ ಹತ್ತಿದೆ."

"ಯಾಕೆ? ತಡ ಆಗುತ್ತೆ ಅಂತಲಾ? ಎತ್ಕೋ ನಿನ್ನ ಚೀಲ, ಹೊರಡು."

ಅವನು ಹೊರಡಲಿಲ್ಲ. "ಪೂರ್ತಿ ನೋಡಿದ್ಯಾ? ಎರಡು ಜೊತೆ ಇದೆ," ಎಂದ. "ಇನ್ನೊಂದು ನಿಂದು."

ಕವರು ಹರಿದೆ. ಹೌದು, ಕೆಳಗಿನದು ಹೆಂಗಸರದು.

"ಅಮ್ಮ ಹೋದಾಗ ನಾನೆಲ್ಲೋ ಇದ್ದೆ. ಹಾಕ್ಕೊಳ್ಳೋಕೆ ಬಟ್ಟೆ ಇಲ್ಲ ಅಂತ ನೀನೊಬ್ಬಳೇ ಅಂಗಡಿ ಅಂಗಡಿ ಅಲೆದೆಯಂತೆ. ಅಪ್ಪನೇ ಹೇಳಿದ್ರು. ಈ ಸಲ ಅದೊಂದಾದ್ರೂ ನಿನಗೆ ಬೇಡ ಅಂತ ತಂದೆ. ಅಳತೆ ಗೊತ್ತಿರಲಿಲ್ಲ. ನನ್ನ ಭುಜದ ತನಕ ಬರ್ತಾಳೆ ಅಂತ ಅಂಗಡಿಯವಳಿಗೆ ಕೈ ತೋರಿಸ್ದೆ."

ಅಂದು ಅಂಗಡಿಯವರು "ಏನು ವಿಶೇಷ ಮೇಡಂ?" ಎಂದು ನಗುತ್ತಾ ಕೇಳಿದ್ದರು. ನಾನು ಯಾವುದಕ್ಕೆಂದು ಹೇಳಲಾರದೆ ಬರಿಗೈಯಲ್ಲಿ ಹೊರಗೆ ಬಂದಿದ್ದೆ. ಒಂದಲ್ಲ, ಮೂರು ಅಂಗಡಿಯಿಂದ.

ಅಂಗಿಯನ್ನು ಭುಜಕ್ಕೆ ಹಿಡಿದು ನೋಡಿದೆ. ಭುಜ ಅಗಲ, ತೋಳು ಉದ್ದ. ಬೈಯೋಣವೆಂದು ಬಾಯಿ ತೆರೆದರೆ ಬೇರೆಯೇ ಮಾತು ಬಂತು.

"ಅಪ್ಪ ಉಳಿಯಲ್ಲ ಕಣೋ."

"ಗೊತ್ತು ಅಕ್ಕ."

ಅಷ್ಟು ದಿನ ಹಲ್ಲು ಕಚ್ಚಿ ತಡೆದಿದ್ದು ಒಂದೇ ಸಲಕ್ಕೆ ಕಟ್ಟೆ ಒಡೆಯಿತು. ಅವನೂ ಸ್ಟೂಲಿನ ಮೇಲೆ ಕುಸಿದು, ಸೋಪಿನ ಕೈಯಲ್ಲೇ ಮುಖ ಮುಚ್ಚಿಕೊಂಡು, ಚಿಕ್ಕವನಿದ್ದಾಗಿನ ಹಾಗೆ ಬಿಕ್ಕಿದ.

ಕೋಣೆಯಿಂದ ಅಪ್ಪ ಕೂಗಿದರು. "ಯಾರೇ ಅದು, ಅಳ್ತಿರೋದು?"

ಯಾರೂ ಇಲ್ಲ ಅಪ್ಪ ಅನ್ನುವುದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ದಿನಕ್ಕೆ ಎಷ್ಟು ಸಲ ಅಂಥ ಸುಳ್ಳು ಹೇಳುತ್ತಿದ್ದೆನೋ. ತಮ್ಮ ನನ್ನ ಮುಖ ನೋಡಿದ.

"ನಾವಪ್ಪ," ಎಂದೆ. "ಇಬ್ರೂ."

ಒಳಗೆ ಮಂಚ ಕಿರುಗುಟ್ಟಿತು.

"ಸದ್ಯ," ಎಂದರು ಅಪ್ಪ. "ಇಷ್ಟು ದಿನ ನಾನೊಬ್ಬನೇ ಅಳ್ತಿದ್ದೆ. ಬನ್ನಿ, ಒಳಗೆ ಬನ್ನಿ."