ಆರನೇ ಕುರ್ಚಿ

ಕೆಳಗಿನ ಪಂಕ್ಚರ್ ಅಂಗಡಿಯ ಗಾಳಿ ಯಂತ್ರ ಮತ್ತೆ ಹೊಡೆದುಕೊಳ್ಳಲು ಶುರುವಾಯಿತು, ಡಬ ಡಬ ಡಬ, ಸವಳಂಗ ರಸ್ತೆಯ ಟಯರುಗಳಿಗೆಲ್ಲ ಈ ಮಧ್ಯಾಹ್ನವೇ ಗಾಳಿ ಹೋಗಬೇಕೆ, ಭೀಮೇಶ ಕಿಟಕಿ ಹಾಕಿದ, ಸೆಕೆಯಾಯಿತು, ತೆಗೆದ, ಮೊಬೈಲಿನಲ್ಲಿ ಇಸ್ಪೀಟಿನ ಎಲೆ ಬಿದ್ದವು — ಏಳು, ಎರಡು, ಬಿಸಾಕು — ಉಳಿದವರೂ ಬಿಸಾಕಿದರು, ಎಲ್ಲರೂ ಒಳ್ಳೇ ಎಲೆಗೆ ಕಾಯುವವರೇ, ಕೊಕ್ಕರೆಗಳೇ ತುಂಬಿದ ಕೆರೆಯಲ್ಲಿ ಮೀನು ಎಲ್ಲಿಂದ ಬರಬೇಕು. ಮೊದಲು ಹೀಗಿತ್ತೇ, ಸಂಜೆಯಾದರೆ ದುಡ್ಡು ಕಟ್ಟಿ ಆಡುವ ಪೋಕರ್ ಆ್ಯಪ್ ತುಂಬ ಜನ, ಬ್ಯಾಂಕಿನವರು, ಕಾಲೇಜು ಹುಡುಗರು, ಆಫೀಸು ಮುಗಿಸಿ ಬೇಜಾರು ಕಳೆಯಲು ಬಂದವರು, ಎಲೆ ಕೆಟ್ಟದಾಗಿದ್ದರೂ ನೋಡೇಬಿಡೋಣ ಅನ್ನುವ ಪುಣ್ಯಾತ್ಮರು, ಅವರ ಹುಂಬತನದಲ್ಲೇ ಇವನ ಮನೆ ನಡೆಯುತ್ತಿತ್ತು, ಅದನ್ನು ನಂಬಿಯೇ ಬೈಕ್ ಶೋರೂಮಿನ ಕೆಲಸ ಬಿಟ್ಟ, ಆಮೇಲೆ ರಾಜ್ಯ ಸರ್ಕಾರ ನಿಷೇಧ ಎಂದಿತು, ಕೋರ್ಟು ಅದನ್ನು ಹೊಡೆದುಹಾಕಿತು, ತೆರಿಗೆ ಏರಿತು, ಕೊನೆಗೆ ದಿಲ್ಲಿಯಿಂದಲೇ ಕಾನೂನು ಬಂದು ಆ್ಯಪ್‌ಗಳೆಲ್ಲ ಅಂಗಡಿ ಮುಚ್ಚಿದವು — ಬೇರೆ ಕಸುಬಿದ್ದವರು ಎದ್ದು ಹೋದರು, ಇಲ್ಲದವರು ವೀರೇಂದ್ರ ಮೊಬೈಲಿನಲ್ಲೇ ಗುಟ್ಟಾಗಿ ನಡೆಸುವ ಕಳ್ಳ ಕ್ಲಬ್ಬಿಗೆ ಬಂದು ಒಬ್ಬರನ್ನೊಬ್ಬರು ಗುರಾಯಿಸುತ್ತ ಕೂತರು. ಬ್ಯಾನ್ ಆಗಿದ್ದು ಒಳ್ಳೇದೇ ಆಯ್ತು ಕಣ್ರೀ, ಇನ್ನಾದ್ರೂ ಒಂದು ಕೆಲಸ ನೋಡ್ಕೊಳ್ಳಿ, ಹೆಂಡತಿ ಸಂಘಮಿತ್ರಾ ಅಂದಿದ್ದಳು, ನೋಡ್ತಿದೀನಿ ಕಣೇ ಅಂದಿದ್ದ, ಕೆಲಸ ಹುಡುಕುವ ನೆಪದಲ್ಲಿ ವಿದ್ಯಾನಗರದ ಮನೆಯಿಂದ ದಿನಾ ಹೊರಟು ಈ ಬಾಡಿಗೆ ಕೋಣೆಗೆ ಬರುತ್ತಾನೆ, ಇಷ್ಟು ವರ್ಷ ಏನು ಮಾಡ್ತಿದ್ರಿ ಅಂತ ಯಾರಾದರೂ ಕೇಳಿದರೆ ಏನು ಹೇಳುವುದು.

ತೆರೆಯ ಮೇಲೆ ಖಾಲಿಯಿದ್ದ ಆರನೇ ಕುರ್ಚಿ ಹಸಿರಾಯಿತು, ಯಾರೋ ಬಂದರು. ಆಟಕ್ಕೆ ಹೊಸಬರು ಬೇಕು ಕಣೋ, ಒಬ್ಬೊಬ್ರೂ ಒಬ್ಬೊಬ್ರನ್ನ ಕರ್ಕೊಂಡು ಬನ್ನಿ, ಇಲ್ಲಾಂದ್ರೆ ಜಾಗ ಖಾಲಿ ಮಾಡಿ, ಆಟ ಬರ್ದೇ ಇರೋರಾದ್ರೆ ಇನ್ನೂ ಒಳ್ಳೇದು, ವೀರೇಂದ್ರ ಮೊನ್ನೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದ, ಬಾಯಿಗೆ ಬಂದದ್ದು ಅಪ್ಪನ ನಂಬರು, ಕೊಟ್ಟುಬಿಟ್ಟ, ಕಾರ್ಖಾನೆಯಿಂದ ರಿಟೈರ್ ಆಗಿ ಭದ್ರಾವತಿಯಲ್ಲಿ ಕೂತ ಅಪ್ಪ ಇಂಥ ಫೋನು ಬಂದರೆ ಬೈದು ಇಡುತ್ತಾನೆ, ಲೆಕ್ಕಕ್ಕೊಂದು ಹೆಸರಾಯಿತು ಅಂದುಕೊಂಡ — ಕುರ್ಚಿಯ ಕೆಳಗೆ ಅಕ್ಷರ ಮೂಡಿತು, ನಾಗಯ್ಯ ಭದ್ರಾವತಿ. ಅಯ್ಯೋ, ಅಪ್ಪ. ಅಷ್ಟರಲ್ಲಿ ಫೋನು, ಏನೋ ಭೀಮೇಶ, ನಿನ್ನ ಫ್ರೆಂಡು ಫೋನ್ ಮಾಡಿದ್ದ, ನಿಮ್ಮ ಮಗನೇ ನಿಮ್ಮನ್ನ ಕರೀತಿದಾನೆ ಅಂದ, ಅಪ್ಪನ್ನ ಆಟಕ್ಕೆ ಕರೆಯೋ ಮಗ ಯಾರಿಗಿದಾನೆ ಮಾರಾಯ, ರಿಟೈರ್ ಆದಾಗ ಬಂದ ದುಡ್ಡಲ್ಲೇ ಹಾಕಿದೀನಿ, ನಿಮ್ಮಮ್ಮಂಗೆ ಹೇಳ್ಬೇಡ. ಅಪ್ಪಾ, ಇವರು — ಎಂದು ತೊದಲಿದ, ನಿನಗೆ ಆಡಲು ಬರಲ್ಲ ಅಂತಲೇ ನಿನ್ನನ್ನು ಕರೆದದ್ದು ಅನ್ನಬೇಕು, ಆ ದನಿಯಲ್ಲಿದ್ದ ಖುಷಿ ಕೇಳಿ ನಿಧಾನಕ್ಕೆ ಆಡಪ್ಪ ಅಂದ, ಅಷ್ಟೇ, ಹೇಡಿ, ಅಪ್ಪ ಫೋನು ಇಡದೆ ಸ್ಪೀಕರ್ ಹಾಕಿಕೊಂಡು ಕೂತ.

ಅಪ್ಪ ಎಲೆ ಬಿಸಾಕುವುದಿಲ್ಲ. ದೀಪಾವಳಿಗೆ ಕ್ವಾರ್ಟರ್ಸಿನ ಜಗಲಿಯ ಮೇಲೆ ಚಾಪೆ ಹಾಸಿ ಇಸ್ಪೀಟು, ತಮಿಳರು, ತೆಲುಗರು, ಇವರು, ಎಲ್ಲ ಒಟ್ಟಿಗೆ, ಮಧ್ಯದಲ್ಲಿ ಎಲೆ ಕೆಳಗಿಟ್ಟರೆ ಎದುರಿಗೆ ಕೂತವರಿಗೆ ಅವಮಾನ, ಕೂತ ಮೇಲೆ ಕೊನೇವರೆಗೂ ಆಡ್ಬೇಕು ಕಣೋ, ಅದು ಮರ್ಯಾದೆ, ಅನ್ನುತ್ತಿದ್ದ ಅಪ್ಪ, ಗೆದ್ದವನು ಎಲ್ಲರಿಗೂ ಬನ್ನು ಟೀ ಕೊಡಿಸಿ ಗೆದ್ದದ್ದನ್ನು ಅಲ್ಲೇ ಮುಗಿಸುತ್ತಿದ್ದ, ಸೋತವನು ಹಿಂದಕ್ಕೆ ಕೇಳುವ ಪದ್ಧತಿಯೇ ಇಲ್ಲ, ಕೊಟ್ಟರೆ ಮುಟ್ಟುವುದೂ ಇಲ್ಲ. ಆ ಮರ್ಯಾದೆಯನ್ನೇ ಇಲ್ಲಿಗೂ ತಂದಿದ್ದಾನೆ, ಪ್ರತಿ ಆಟಕ್ಕೂ ದುಡ್ಡು ಹಾಕುತ್ತಿದ್ದಾನೆ, ಇಷ್ಟು ಹೊತ್ತು ಕಲ್ಲಿನ ಹಾಗೆ ಕೂತಿದ್ದ ಉಳಿದ ನಾಲ್ವರೂ ಒಮ್ಮೆಲೇ ಚುರುಕಾಗಿದ್ದಾರೆ, ಎಷ್ಟು ದಿನದ ಮೇಲೆ ಆಟ ಕಳೆಗಟ್ಟಿದೆ — ಥೂ, ಒಂದು ಕ್ಷಣ ಇವನಿಗೂ ಖುಷಿಯಾಗಿತ್ತು.

ಎಲೆ ಬಿದ್ದವು, ಇವನ ಕೈಗೆ ಎರಡು ರಾಜ, ಟೇಬಲ್ಲಿನ ಮಧ್ಯೆ ಇನ್ನೊಂದು ರಾಜ, ಆಡಿದರೆ ಗೆದ್ದಂತೆಯೇ, ನಾಲ್ವರೂ ಹಿಂದೆ ಸರಿದರು, ಅಪ್ಪ ಸರಿಯಲಿಲ್ಲ, ಇದ್ದದ್ದನ್ನೆಲ್ಲ ಮುಂದಕ್ಕೆ ತಳ್ಳಿದ. ಇವನು ಬಿಟ್ಟುಕೊಟ್ಟರೆ ಅಪ್ಪ ಗೆದ್ದ ಹುರುಪಿನಲ್ಲಿ ಕೂತೇ ಇರುತ್ತಾನೆ, ಆ ನಾಲ್ವರು ನಿಧಾನಕ್ಕೆ ಸುಲಿಯುತ್ತಾರೆ, ತಾನೇ ಗೆದ್ದು ಹಿಂದಕ್ಕೆ ಕೊಟ್ಟರೆ ಅಪ್ಪ ಮುಟ್ಟುವುದಿಲ್ಲ, ಮತ್ತೆ ತಂದು ಹಾಕುತ್ತಾನೆ, ನಿಜ ಹೇಳಿದರೆ, ಮಗ ಕರೆದದ್ದಲ್ಲ, ಮಾರಿದ್ದು ಅಂತ ಅಪ್ಪನಿಗೆ ಗೊತ್ತಾಗುತ್ತದೆ — ಆಡಲು ಉಳಿದ ಸಮಯದ ಗೆರೆ ತೆರೆಯ ಮೇಲೆ ಸವೆಯುತ್ತಿದೆ, ಆರನೇ ಕುರ್ಚಿಯ ಚಿಕ್ಕ ಫೋಟೋ ಈಗ ಕಣ್ಣಿಗೆ ಬಿತ್ತು, ಇವನ ಮದುವೆಯದು, ಅಪ್ಪನ ಮುಖ ಮಾತ್ರ ಬರುವಂತೆ ಯಾರಿಂದಲೋ ಕತ್ತರಿಸಿಕೊಂಡಿದ್ದಾನೆ, ಆದರೂ ಹೆಗಲ ಮೇಲೆ ನಾಲ್ಕು ಬೆರಳು ಉಳಿದುಬಿಟ್ಟಿವೆ, ಹೊಸ ಉಂಗುರ, ಇವನದೇ ಬೆರಳು. ಯಾಕೋ ಸುಮ್ನೆ ಕೂತೆ, ಆಡೋ, ಅಪ್ಪ ನಗುತ್ತಿದ್ದಾನೆ, ಮಧ್ಯದಲ್ಲಿ ಬಿಟ್ಟು ಹೋಗ್ಬೇಡ ಮತ್ತೆ, ಹೆಗಲ ಮೇಲೆ ನಾಲ್ಕು ಬೆರಳು, ಹೆಬ್ಬೆರಳು ಫೋಟೋದಲ್ಲಿಲ್ಲ, ಹೆಬ್ಬೆರಳು ಇಲ್ಲಿದೆ, ಆಡು, ಬಿಸಾಕು, ಎರಡು ಗುಂಡಿಗಳ ಮೇಲೆ, ಹೆಗಲ ಮೇಲೆ ನಾಲ್ಕು ಬೆರಳು, ನಾಲ್ಕು ಬೆರಳು —