ರಾಸ್ಮಿಯ ಸಿಳ್ಳೆ

"ಯಾರ ಕೈಗೂ ಸಿಗದ ಟಟ್ಟುಕುದುರೆ ಇದು, ಮರಿಗಳೂ ಹಾಗೇ ಹುಟ್ಟುತ್ವೆ. ತಳಿಗೆ ಬಿಡ್ಬೇಡ, ಬೀಜ ಒಡೆಸ್ಬಿಡು ಮಾರಾಯ್ತಿ," ಎಂದ ಪಕ್ಕದ ಹೊಲದ ಗಿಡಿಯನ್.

ನಮ್ಮ ಶೆಟ್ಲೆಂಡ್ ದ್ವೀಪದ ಬೋಳುಗುಡ್ಡದ ತುದಿಯಲ್ಲಿ ಗಂಡುಟಟ್ಟು ನಿಂತಿತ್ತು. ನನ್ನ ಗಂಡ ರಾಸ್ಮಿಯ ಸಿಳ್ಳೆಗೆ ಮಾತ್ರ ಅದು ಬರುತ್ತಿತ್ತು. ಅವನ ದೋಣಿ ಮರಳದೆ ಎರಡು ಚಳಿಗಾಲ ಕಳೆದಿದ್ದವು.

"ಸಿಗುತ್ತೆ, ನೋಡ್ತಿರು," ಎಂದು ಬಾಯಿಗೆ ಬೆರಳಿಟ್ಟೆ.

"ಏಯ್! ಹೆಂಗಸು ಸಿಳ್ಳೆ ಹಾಕಿದ್ರೆ ಬಿರುಗಾಳಿ ಏಳುತ್ತೆ, ದೋಣಿಗಳು ಹೊರಗಿವೆ!"

"ಇಷ್ಟು ವರ್ಷ ಬಾಯಿ ಮುಚ್ಕೊಂಡೇ ಇದ್ದೆನಲ್ಲ, ಏನು ಉಳೀತು?"

ರಾಸ್ಮಿಯ ಹಾಗೇ ಸಿಳ್ಳೆ ಹಾಕಿದೆ. ಟಟ್ಟು ಕಿವಿ ನಿಮಿರಿಸಿ ನಾಗಾಲೋಟದಲ್ಲಿ ಬಂತು. ನನ್ನೆದುರು ಗಕ್ಕನೆ ನಿಂತು, ನನ್ನ ಹೆಗಲಾಚೆಗೆ ಬಂದರಿನ ದಾರಿಯನ್ನು ನೋಡಿತು.

ನಾನೂ ತಿರುಗಿ ನೋಡಿದೆ.

"ಮೇ ತಿಂಗಳಲ್ಲಿ ನಿನ್ನ ಹೆಣ್ಣುಟಟ್ಟುಗಳನ್ನ ತಳಿಗೆ ಕರ್ಕೊಂಡ್ ಬಾ," ಎಂದೆ, ಆ ಖಾಲಿ ದಾರಿಯಿಂದ ಕಣ್ಣು ಕೀಳದೆ.